ಸ್ಟಿಕ್ ಒಂದು, ಕೆಲಸ ಎರಡು: ಮಾಡೆಲ್ ಹೆಲಿಕಾಪ್ಟರಿನ ಪಿಚ್ ಮತ್ತು ಥ್ರಾಟಲ್ ಹೊಂದಿಸುವುದು

ನನ್ನ ಮೊದಲ ಹೆಲಿಕಾಪ್ಟರ್ ಗಾಳಿಯಲ್ಲಿದ್ದದ್ದು ಹತ್ತು ಹದಿನೈದು ಸೆಕೆಂಡು. ಜೋಡಿಸಲು ನಾಲ್ಕು ವಾರ ಕೂತಿದ್ದೆ. ಹದಿನೈದು ಅಡಿ ಮೇಲೆ ಹೋಯಿತು. ನನಗೆ ಭಯವಾಯಿತು. ಎಡಗೈ ಸ್ಟಿಕ್ಕನ್ನು ಪೂರ್ತಿ ಕೆಳಗೆ ಎಳೆದೆ. ಮೋಟರ್ ನಿಂತೇ ಹೋಯಿತು. ಗಾಬರಿಯಲ್ಲಿ ಮತ್ತೆ ಮೇಲಕ್ಕೆ ತಳ್ಳಿದೆ. ಆದರೆ ಮೋಟರಿಗೆ ಕರೆಂಟ್ ಅಳೆದು ಕೊಡುವ ಸ್ಪೀಡ್ ಕಂಟ್ರೋಲರಿನಲ್ಲಿ ಸಾಫ್ಟ್ ಸ್ಟಾರ್ಟ್ ಇಟ್ಟಿದ್ದೆ. ಅದು ತನ್ನ ಪಾಡಿಗೆ ಮೋಟರನ್ನು ಮೆಲ್ಲಗೆ ತಿರುಗಿಸಲು ಶುರು ಮಾಡಿತು. ಅಷ್ಟರಲ್ಲಿ ಬ್ಲೇಡುಗಳಲ್ಲಿ ಉಳಿದಿದ್ದ ವೇಗವನ್ನೆಲ್ಲ ನಾನು ಕೊಟ್ಟ ಪಿಚ್, ಅಂದರೆ ಬ್ಲೇಡಿನ ಕೋನ, ತಿಂದು ಮುಗಿಸಿತ್ತು. ಕಲ್ಲು ಬಿದ್ದ ಹಾಗೆ ಬಿತ್ತು.

ಯಂತ್ರ ಕೆಟ್ಟಿರಲಿಲ್ಲ. ನಾನು ಆ ಸ್ಟಿಕ್ಕನ್ನು ಥ್ರಾಟಲ್, ಅಂದರೆ ಮೋಟರಿನ ವೇಗ ಏರಿಸಿ ಇಳಿಸುವ ಹಿಡಿ, ಅಂದುಕೊಂಡಿದ್ದೆ, ಅಷ್ಟೇ. ಎಲ್ಲರೂ ಹಾಗೇ ಕರೆಯುತ್ತಾರೆ, ಅಲ್ವಾ? ಆಟಿಕೆ ಹೆಲಿಕಾಪ್ಟರಿನಲ್ಲಿ ಅದು ನಿಜವೂ ಹೌದು. ಅದರ ಬ್ಲೇಡಿನ ಕೋನ ಬದಲಾಗುವುದಿಲ್ಲ. ಮೇಲೇರಬೇಕಾದರೆ ಜೋರಾಗಿ ತಿರುಗಬೇಕು, ಇಳಿಯಬೇಕಾದರೆ ನಿಧಾನವಾಗಬೇಕು. ಕಲೆಕ್ಟಿವ್ ಪಿಚ್ ಹೆಲಿಕಾಪ್ಟರಿನ ಕಥೆಯೇ ಬೇರೆ. ಅಲ್ಲಿ ಬ್ಲೇಡುಗಳು ಆದಷ್ಟು ಒಂದೇ ವೇಗದಲ್ಲಿ ತಿರುಗುತ್ತಿರಬೇಕು. ಏರುವುದು, ಇಳಿಯುವುದು ಎರಡೂ ಬ್ಲೇಡಿನ ಕೋನದಿಂದ. ಅಂದರೆ ಆ ಸ್ಟಿಕ್ ಪಿಚ್‌ನದ್ದು. ಥ್ರಾಟಲ್ ಅದರ ಹಿಂದೆ ಕೂತು, ಕೋನ ಹೆಚ್ಚಿದಾಗ ವೇಗ ಕುಸಿಯದ ಹಾಗೆ ನೋಡಿಕೊಳ್ಳುವ ಆಳು.

ನಾನು ಹೊಲಿಗೆ ಮೆಷಿನ್ ರಿಪೇರಿ ಮಾಡುವವನು. ದಾರ ಸರಿಯಾಗಿ ಬೀಳುತ್ತಿಲ್ಲ ಅಂತ ಮೆಷಿನ್ ತರುವವರೆಲ್ಲ ಮೊದಲೇ ಟೆನ್ಷನ್ ತಿರುಪನ್ನು ಅತ್ತ ಇತ್ತ ತಿರುಗಿಸಿ ಹಾಳು ಮಾಡಿಕೊಂಡೇ ಬಂದಿರುತ್ತಾರೆ. ತೊಂದರೆ ಇರುವುದು ಒಳಗೆ, ಸೂಜಿಯ ಟೈಮಿಂಗ್‌ನಲ್ಲಿ. ಹೆಲಿಕಾಪ್ಟರಿನಲ್ಲೂ ಅದೇ ಆಗುತ್ತದೆ. ಬ್ಲೇಡಿಗೆ ಚಲನೆ ಒಯ್ಯುವ ಲಿಂಕ್ ಕಡ್ಡಿ ಅರ್ಧ ಸುತ್ತು ತಪ್ಪಿರುತ್ತದೆ, ಜನ ಟ್ರಾನ್ಸ್‌ಮಿಟರಿನಲ್ಲಿ ಕರ್ವ್, ಅಂದರೆ ಸ್ಟಿಕ್ ಎಲ್ಲಿದ್ದರೆ ಎಷ್ಟು ಪಿಚ್, ಎಷ್ಟು ಥ್ರಾಟಲ್ ಅನ್ನುವ ಅಂಕಿಗಳನ್ನು, ತಿದ್ದುತ್ತಾ ಕೂತಿರುತ್ತಾರೆ. ಹಾಗಾಗಿ ನನ್ನ ಕ್ರಮ ಯಾವಾಗಲೂ ಇದೇ: ಮೊದಲು ಕಬ್ಬಿಣ, ಆಮೇಲೆ ಪಿಚ್, ಕೊನೆಗೆ ಥ್ರಾಟಲ್.

ಮುಂದೆ ಕೊಡುವ ಅಂಕಿಗಳು ನನ್ನ 450 ಸೈಜಿನ ಎಲೆಕ್ಟ್ರಿಕ್ ಹೆಲಿಕಾಪ್ಟರಿನವು. 325 ಮಿಲಿಮೀಟರ್ ಬ್ಲೇಡ್, 3 ಸೆಲ್ ಬ್ಯಾಟರಿ, 3500 ಕೆವಿ ಮೋಟರ್ (ಕೆವಿ ಅಂದರೆ ಹೊರೆಯಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅಂತ). ನಿಮ್ಮದು ದೊಡ್ಡದಾದರೆ ಅಂಕಿ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ಮೋಟರ್ ಬಿಡಿಸಿ

ಸ್ಪೀಡ್ ಕಂಟ್ರೋಲರಿನಿಂದ ಮೋಟರಿಗೆ ಹೋಗುವ ಮೂರು ವೈರುಗಳನ್ನು ಕಿತ್ತುಬಿಡಿ. ಮೂರರ ತುದಿಗೂ ಬೇರೆ ಬೇರೆ ಟೇಪ್ ಸುತ್ತಿ, ಒಂದಕ್ಕೊಂದು ತಾಗಬಾರದು. ಬ್ಲೇಡಿನ ಕೋನ ಬದಲಿಸುವ ಪುಟ್ಟ ಮೋಟರುಗಳಾದ ಸರ್ವೋಗಳಿಗೆ ಕರೆಂಟ್ ಸಿಗುತ್ತಲೇ ಇರುತ್ತದೆ, ಬ್ಲೇಡ್ ಮಾತ್ರ ತಿರುಗುವುದಿಲ್ಲ. "ಥ್ರಾಟಲ್ ಕೆಳಗಿದೆ, ಏನೂ ಆಗಲ್ಲ" ಅಂತ ಸುಮ್ನೆ ಧೈರ್ಯ ಮಾಡಬೇಡಿ. ಪಿಚ್ ಹೊಂದಿಸುವಾಗ ಅದೇ ಸ್ಟಿಕ್ಕನ್ನು ನೂರು ಸಲ ಮೇಲೆ ಕೆಳಗೆ ಆಡಿಸುತ್ತೀರಿ, ಮುಖ ಬ್ಲೇಡಿನ ಪಕ್ಕದಲ್ಲೇ ಇರುತ್ತದೆ. ನನ್ನ ಪುಟ್ಟ ಹೆಲಿಕಾಪ್ಟರಿನಲ್ಲೂ ನಿಮಿಷಕ್ಕೆ 2,300 ಸುತ್ತು ಬಂದಾಗ ಬ್ಲೇಡಿನ ತುದಿ ಗಂಟೆಗೆ 300 ಕಿಲೋಮೀಟರ್ ವೇಗ ದಾಟುತ್ತದೆ.

ಆನ್ ಮಾಡುವಾಗ ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ಹೆಲಿಕಾಪ್ಟರ್. ಆಫ್ ಮಾಡುವಾಗ ಉಲ್ಟಾ.

ಟ್ರಾನ್ಸ್‌ಮಿಟರನ್ನು ಖಾಲಿ ಮಾಡಿ

ಹೊಸ ಮಾಡೆಲ್ ಮೆಮೊರಿ ತೆಗೆದು, ಅದರಲ್ಲಿ ಹೆಲಿಕಾಪ್ಟರ್ ಅಂತ ಆರಿಸಿ. ಹಳೆಯ ಮಾಡೆಲನ್ನು ಕಾಪಿ ಮಾಡಿಕೊಂಡು ತಿದ್ದುವ ಆಸೆ ಬರುತ್ತದೆ. ಬೇಡ. ಹಳೆಯದರಲ್ಲಿ ಎಲ್ಲೋ ಮೂಲೆಯಲ್ಲಿ ಒಂದು ಮಿಕ್ಸ್ ಉಳಿದಿರುತ್ತದೆ, ಎರಡು ದಿನ ತಲೆ ತಿನ್ನುತ್ತದೆ. ಟ್ರಿಮ್, ಸಬ್ ಟ್ರಿಮ್ (ಸರ್ವೋದ ನಡುವನ್ನು ಚೂರು ಅತ್ತ ಇತ್ತ ಸರಿಸುವ ತಿದ್ದುಪಡಿಗಳು) ಎಲ್ಲ ಸೊನ್ನೆ. ಪಿಚ್ ಕರ್ವ್, ಥ್ರಾಟಲ್ ಕರ್ವ್ ಎರಡೂ ಸದ್ಯಕ್ಕೆ ನೇರ ಗೆರೆ: 0, 25, 50, 75, 100.

ಸರ್ವೋಗಳ ಚಲನೆಯನ್ನು ತಿರುಗುವ ಬ್ಲೇಡಿಗೆ ದಾಟಿಸುವ ತಟ್ಟೆ ಸ್ವಾಶ್‌ಪ್ಲೇಟ್. ಅದು ಯಾವ ಬಗೆಯದು ಅಂತ ಟ್ರಾನ್ಸ್‌ಮಿಟರ್ ಕೇಳುತ್ತದೆ. ಇಲ್ಲೇ ಬಹಳ ಜನ ಎಡವುತ್ತಾರೆ. ಫ್ಲೈಬಾರ್ (ರೋಟರನ್ನು ಸ್ಥಿರವಾಗಿಡಲು ಬ್ಲೇಡಿಗೆ ಅಡ್ಡಲಾಗಿರುವ ಕಡ್ಡಿ) ಇರುವ ಹಳೆಯ ಹೆಲಿಕಾಪ್ಟರ್ ಆದರೆ ಮೂರು ಸರ್ವೋಗಳನ್ನು ಬೆರೆಸುವ ಕೆಲಸ ಟ್ರಾನ್ಸ್‌ಮಿಟರಿನದು. ಆಗ 120 ಡಿಗ್ರಿ ಸಿಸಿಪಿಎಂ (ಈ ಬೆರಕೆಯ ಹೆಸರು) ಅಂತ ಕೊಡಬೇಕು, ಕೆಲವದ್ದು 140 ಇರುತ್ತದೆ. ಫ್ಲೈಬಾರ್‌ಲೆಸ್ ಆದರೆ ಆ ಬೆರಕೆಯನ್ನು ಹೆಲಿಕಾಪ್ಟರಿನೊಳಗಿನ ಎಲೆಕ್ಟ್ರಾನಿಕ್ ಫ್ಲೈಬಾರ್‌ಲೆಸ್ ಯೂನಿಟ್ಟೇ ಮಾಡುತ್ತದೆ. ಟ್ರಾನ್ಸ್‌ಮಿಟರಿನಲ್ಲಿ ಒಂದೇ ಸರ್ವೋದ ಸಾದಾ ಸ್ವಾಶ್ ಅಂತ ಕೊಡಿ. ಎರಡು ಕಡೆಯೂ ಬೆರೆಸಿದರೆ ಸ್ವಾಶ್‌ಪ್ಲೇಟ್ ಹೇಗೆ ಹೇಗೋ ಓಲಾಡುತ್ತದೆ, ಯಾವ ಸರ್ವೋ ಉಲ್ಟಾ ಅಂತ ಹುಡುಕುತ್ತಾ ಸಂಜೆಯಾಗುತ್ತದೆ.

ಈಗ ಸ್ಟಿಕ್ಕನ್ನು ಮೇಲೆ ತಳ್ಳಿ. ಸ್ವಾಶ್‌ಪ್ಲೇಟ್ ಮಟ್ಟ ತಪ್ಪದೆ ಇಡಿಯಾಗಿ ಜರುಗಬೇಕು. ಬ್ಲೇಡಿನ ಮುಂಚೂಣಿ ಅಂಚು, ಅಂದರೆ ಗುಂಡಗೆ ದಪ್ಪಗಿರುವ ಅಂಚು, ಮೇಲಕ್ಕೆ ಏಳಬೇಕು. ಅದು ಕೆಳಗೆ ಹೋದರೆ ಪಿಚ್ ಉಲ್ಟಾ ಇದೆ. ಸ್ವಾಶ್‌ಪ್ಲೇಟ್ ಯಾವ ಕಡೆ ಹೋಯಿತು ಅಂತ ನೋಡಬೇಡಿ, ಬ್ಲೇಡಿನ ಅಂಚನ್ನೇ ನೋಡಿ.

ಸೊನ್ನೆ ಹುಡುಕುವುದು

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹೋಗಬೇಕಾದದ್ದು ಇಲ್ಲಿ. ನಾನು ಒಂದು ಸಂಜೆ ಪೂರ್ತಿ ಇದಕ್ಕೇ ಇಟ್ಟುಕೊಳ್ಳುತ್ತೇನೆ.

ಗುರಿ ಇಷ್ಟು: ಸ್ಟಿಕ್ ನಟ್ಟನಡುವೆ ಇದ್ದಾಗ ಸರ್ವೋ ಹಾರ್ನ್‌ಗಳು (ಸರ್ವೋದ ತೋಳುಗಳು) ತಮ್ಮ ಲಿಂಕ್ ಕಡ್ಡಿಗೆ 90 ಡಿಗ್ರಿಯಲ್ಲಿರಬೇಕು, ಸ್ವಾಶ್‌ಪ್ಲೇಟ್ ಮೇನ್ ಶಾಫ್ಟಿಗೆ 90 ಡಿಗ್ರಿಯಲ್ಲಿರಬೇಕು, ಬ್ಲೇಡಿನ ಕೋನ ಸೊನ್ನೆ ಇರಬೇಕು. ಮೂರೂ ಒಟ್ಟಿಗೆ.

ನಡು ಎಲ್ಲಿದೆ ಅಂತ ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ. ಟ್ರಾನ್ಸ್‌ಮಿಟರಿನ ಮಾನಿಟರ್ ಪರದೆ ತೆರೆದು, ಪಿಚ್ ಸರಿಯಾಗಿ 50 ತೋರಿಸುವ ತನಕ ಸ್ಟಿಕ್ ಜರುಗಿಸಿ, ಅಲ್ಲೇ ಬಿಡಿ. ಇನ್ನೊಂದು ಸುಲಭದ ದಾರಿಯೂ ಇದೆ. ಪಿಚ್ ಕರ್ವ್‌ನ ಐದೂ ಬಿಂದುಗಳನ್ನು 50ಕ್ಕೆ ಇಟ್ಟುಬಿಡಿ. ಆಗ ಸ್ಟಿಕ್ ಎಲ್ಲೇ ಇದ್ದರೂ ಸ್ವಾಶ್‌ಪ್ಲೇಟ್ ನಡುವಿನಲ್ಲೇ ನಿಲ್ಲುತ್ತದೆ. ಮೊಣಕೈ ತಾಗಿ ಸ್ಟಿಕ್ ಜರುಗಿತೇ ಅನ್ನುವ ಚಿಂತೆ ಇಲ್ಲ.

ಸರ್ವೋದ ಹಲ್ಲುಗಳ ಮೇಲೆ ಹಾರ್ನ್ ಕೂರಿಸುವಾಗ ನೇರ 90 ಸಿಗುವುದು ಅಪರೂಪ. ಒಂದು ಹಲ್ಲು ಅತ್ತ, ಇಲ್ಲವೇ ಇತ್ತ. ಹಾರ್ನ್ ತೆಗೆದು ಇನ್ನೊಂದು ತೋಳಿನ ಕಡೆಯಿಂದ ಕೂರಿಸಿ ನೋಡಿ, ಬೇರೆ ಕೋನ ಸಿಗುತ್ತದೆ. ಎಷ್ಟು ಹತ್ತಿರ ಆಗುತ್ತದೋ ಅಷ್ಟನ್ನು ಹಾರ್ನ್‌ನಲ್ಲಿ ಮುಗಿಸಿ, ಉಳಿದದ್ದಕ್ಕೆ ಮಾತ್ರ ಸಬ್ ಟ್ರಿಮ್. ಫ್ಲೈಬಾರ್‌ಲೆಸ್ ಯೂನಿಟ್ ಇದ್ದರೆ ಈ ಸಬ್ ಟ್ರಿಮ್ ಯೂನಿಟ್ಟಿನ ಒಳಗೆ ಮಾಡಬೇಕು, ಟ್ರಾನ್ಸ್‌ಮಿಟರಿನಲ್ಲಿ ಅಲ್ಲ. ಟ್ರಾನ್ಸ್‌ಮಿಟರಿನಲ್ಲಿ ಮಾಡಿದರೆ ಪೈಲಟ್ ಸ್ಟಿಕ್ ಒತ್ತಿ ಹಿಡಿದಿದ್ದಾನೆ ಅಂತ ಯೂನಿಟ್ ತಿಳಿದುಕೊಳ್ಳುತ್ತದೆ.

90 ಡಿಗ್ರಿ ಯಾಕೆ ಅಷ್ಟು ಮುಖ್ಯ? ಹಾರ್ನ್ ವೃತ್ತದಲ್ಲಿ ತಿರುಗುತ್ತದೆ, ನಮಗೆ ಬೇಕಾದದ್ದು ಮೇಲೆ ಕೆಳಗಿನ ನೇರ ಚಲನೆ. ನಡುವಿನಲ್ಲಿ 90 ಇದ್ದರೆ ಮೇಲಕ್ಕೆ ಹೋಗುವಷ್ಟೇ ಕೆಳಕ್ಕೂ ಹೋಗುತ್ತದೆ. ಇಲ್ಲವಾದರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಮೂರು ಸರ್ವೋಗಳಲ್ಲಿ ಒಂದು ಮಾತ್ರ ಹೀಗೆ ತಪ್ಪಿದ್ದರೆ, ಪಿಚ್ ಕೊಟ್ಟಾಗಲೆಲ್ಲ ಹೆಲಿಕಾಪ್ಟರ್ ಒಂದು ಬದಿಗೆ ವಾಲುತ್ತದೆ. ಇದನ್ನು ಯಾವ ಕರ್ವೂ ಸರಿ ಮಾಡುವುದಿಲ್ಲ.

ಸ್ವಾಶ್‌ಪ್ಲೇಟ್ ಮಟ್ಟ ನೋಡಲು ಶಾಫ್ಟಿಗೆ ತೂರಿಸುವ ಲೆವೆಲರ್ ಸಿಗುತ್ತದೆ. ರೋಟರ್ ಹೆಡ್ ಬಿಚ್ಚಿ ಅದನ್ನು ಇಳಿಸಿ, ಮೂರೂ ಬಾಲ್‌ಗಳ ಮೇಲೆ ಸಮವಾಗಿ ಕೂರುತ್ತದೋ ನೋಡಿ. ಕೂರದ ಕಡೆ ಲಿಂಕ್ ಉದ್ದ ತಿದ್ದಿ. ಪ್ಲಾಸ್ಟಿಕ್ ಬಾಲ್ ಲಿಂಕ್‌ಗಳಲ್ಲಿ ಹಲವಕ್ಕೆ ಮುಂದು ಹಿಂದು ಇರುತ್ತದೆ, ಅಚ್ಚೊತ್ತಿದ ಗುರುತಿರುವ ಮುಖ ಹೊರಗೆ ಬರಬೇಕು. ಹಾಗಾಗಿ ಒಂದು ಸುತ್ತು ಪೂರ್ತಿ ತಿರುಗಿಸಿದರೆ ಮಾತ್ರ ಮತ್ತೆ ಸರಿಯಾಗಿ ಕೂರುತ್ತದೆ. ಅರ್ಧ ಸುತ್ತು ತಿರುಗಿಸಿ ಬಲವಂತವಾಗಿ ಒತ್ತಿದರೆ ಬಿಗಿಯಾಗಿ ಕೂತು ಸರ್ವೋಗೆ ಹೊರೆಯಾಗುತ್ತದೆ.

ಕೊನೆಗೆ ಬ್ಲೇಡಿನ ಸೊನ್ನೆ. ಪಿಚ್ ಗೇಜ್ ಇದ್ದವರಿಗೂ ನಾನು ಮೊದಲು ಹೇಳುವುದು ಗೇಜ್ ಬೇಡದ ಉಪಾಯವನ್ನೇ. ಎರಡೂ ಬ್ಲೇಡುಗಳನ್ನು ಹಿಂದಕ್ಕೆ ಮಡಚಿ, ಟೈಲ್ ಬೂಮಿನ (ಬಾಲದ ಕೊಳವೆಯ) ಮೇಲೆ ಎರಡರ ತುದಿಯೂ ಅಕ್ಕಪಕ್ಕ ಬರುವ ಹಾಗೆ. ಹಿಂದಿನಿಂದ ಕೂತು ನೋಡಿ. ಪಿಚ್ ಸೊನ್ನೆ ಇದ್ದರೆ ಎರಡು ತುದಿಗಳೂ ಒಂದೇ ಎತ್ತರದಲ್ಲಿ, ಒಂದೇ ಗೆರೆಯಲ್ಲಿ ಇರುತ್ತವೆ. ಇಲ್ಲದಿದ್ದರೆ ಒಂದು ಮೇಲೆ, ಒಂದು ಕೆಳಗೆ ಕಾಣಿಸುತ್ತದೆ. ಅರ್ಧ ಡಿಗ್ರಿ ತಪ್ಪಿದ್ದರೂ ಬ್ಲೇಡಿನ ಉದ್ದದ ತುದಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಸ್ವಾಶ್‌ಪ್ಲೇಟಿನಿಂದ ಬ್ಲೇಡ್ ಗ್ರಿಪ್ಪಿಗೆ ಹೋಗುವ ಎರಡು ಲಿಂಕುಗಳನ್ನು ತಿದ್ದಿ ಸರಿಪಡಿಸಿ. ಈ ಹಂತದಲ್ಲಿ ಕೆಳಗಿನ ಸರ್ವೋ ಲಿಂಕುಗಳನ್ನು ಮುಟ್ಟಬೇಡಿ, ಅವುಗಳ ಕೆಲಸ ಮುಗಿಯಿತು.

ಮೇಲೆ ಹತ್ತು, ಕೆಳಗೆ ಹತ್ತು

ಪಿಚ್ ಕರ್ವನ್ನು ಮತ್ತೆ 0, 25, 50, 75, 100 ಮಾಡಿ. ಈಗ ಗೇಜ್ ಬೇಕು. ಮಡಚಿದ ಬ್ಲೇಡುಗಳನ್ನು ಬಿಚ್ಚಿ ನೇರ ಮಾಡಿ, ಟೈಲ್ ಬೂಮಿಗೆ ಅಡ್ಡವಾಗಿ ನಿಲ್ಲಿಸಿ, ಒಂದು ಬ್ಲೇಡಿಗೆ ಗೇಜ್ ಹಾಕಿ.

ನಮ್ಮ ಮನೆಯಲ್ಲಿ ಗೇಜ್ ಓದುವವಳು ಮಗಳು. ನಾನು ಸ್ಟಿಕ್ ಹಿಡಿಯುತ್ತೇನೆ, ಅವಳು ಬಗ್ಗಿ ಓದುತ್ತಾಳೆ. "ಅಪ್ಪಾ, ಗೇಜ್ ಒಂದೇ ಕಡೆ ಇರ್ಲಿ, ಬ್ಲೇಡ್ ತಿರುಗ್ಸಿ ಹತ್ರ ತರೋಣ" ಅಂತ ಅವಳೇ ಒಂದು ದಿನ ಹೇಳಿದಳು. ಅಲ್ಲಿಯವರೆಗೆ ನಾನು ಗೇಜ್ ಹಿಡಿದುಕೊಂಡು ಮೇಜಿನ ಈ ಬದಿ, ಆ ಬದಿ ಓಡಾಡುತ್ತಿದ್ದೆ. ಮೇಜು ಸ್ವಲ್ಪ ಓರೆಯಾಗಿದ್ದರೆ ಎರಡು ಬದಿಯಲ್ಲಿ ಎರಡು ಲೆಕ್ಕ ಬರುತ್ತಿತ್ತು. ಅವಳು ಹೇಳಿದಂತೆ ಒಂದೇ ಬದಿಯಲ್ಲಿ ಅಳೆದರೆ, ಮೇಜಿನ ಓರೆ ಎರಡೂ ಬ್ಲೇಡಿಗೆ ಒಂದೇ ಥರ ಸೇರುತ್ತದೆ. ಎರಡು ಬ್ಲೇಡ್ ಒಂದಕ್ಕೊಂದು ಸಮ ಇವೆಯೋ ಇಲ್ಲವೋ ಅಂತ ತಿಳಿಯಲು ಅಷ್ಟು ಸಾಕು. ಅಳೆಯುವ ಮುಂಚೆ ಬ್ಲೇಡನ್ನು ಸ್ವಲ್ಪ ಹೊರಗೆ ಎಳೆದು ಹಿಡಿಯಿರಿ. ಗ್ರಿಪ್ಪಿನ ಸಡಿಲ ಹೋಗಿ ಅಂಕಿ ನಿಲ್ಲುತ್ತದೆ.

ಸ್ಟಿಕ್ ಪೂರ್ತಿ ಮೇಲೆ: ಎಷ್ಟು? ಪೂರ್ತಿ ಕೆಳಗೆ: ಎಷ್ಟು? 3ಡಿ, ಅಂದರೆ ತಲೆಕೆಳಗಾಗಿಯೂ ಹಾರಿಸುವ ಕಸರತ್ತು, ಆಡುವವರು ಎರಡೂ ಕಡೆ 11, 12 ಡಿಗ್ರಿ ಇಡುತ್ತಾರೆ. ಕಲಿಯುವವರಿಗೆ 10 ಸಾಕು. ಹೂವರ್ ಮಾಡಲು, ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸಲು, ಬೇಕಾಗುವುದೇ ಸುಮಾರು 5 ಡಿಗ್ರಿ, 6 ಡಿಗ್ರಿ. ಫ್ಲೈಬಾರ್ ಇದ್ದರೆ ಟ್ರಾನ್ಸ್‌ಮಿಟರಿನ ಸ್ವಾಶ್ ಮೆನುವಿನಲ್ಲಿ ಪಿಚ್ ಶೇಕಡಾವನ್ನು ಏರಿಸಿ ಇಳಿಸಿ 10ಕ್ಕೆ ತನ್ನಿ. ಫ್ಲೈಬಾರ್‌ಲೆಸ್ ಆದರೆ ಯೂನಿಟ್ಟಿನಲ್ಲಿ ಕಲೆಕ್ಟಿವ್ ಮಿತಿ ಅಂತಲೇ ಒಂದು ಹಂತ ಇರುತ್ತದೆ, ಅಲ್ಲಿ ಮಾಡಿ. ಒಂದೊಂದು ಸರ್ವೋದ ಎಂಡ್ ಪಾಯಿಂಟ್ (ಓಟದ ಕೊನೆ) ತಿದ್ದಿ ಪಿಚ್ ತರಲು ಹೋಗಬೇಡಿ. ಮೂರೂ ಸರ್ವೋಗಳ ಓಟ ಬೇರೆ ಬೇರೆಯಾಗಿ ಸ್ವಾಶ್‌ಪ್ಲೇಟ್ ಓರೆಯಾಗುತ್ತದೆ.

ಮೇಲೆ 10 ಬಂತು, ಕೆಳಗೆ 9 ಬಂತು ಅಂದರೆ ಹಿಂದಿನ ಹಂತದಲ್ಲಿ ಏನೋ ಉಳಿದಿದೆ. ಹೆಚ್ಚಾಗಿ ಸೊನ್ನೆಯೇ ಅರ್ಧ ಡಿಗ್ರಿ ಮೇಲಿರುತ್ತದೆ. ವಾಪಸ್ ಹೋಗಿ. ಬೇಜಾರಾಗುತ್ತದೆ, ನನಗೂ ಆಗುತ್ತದೆ, ಆದರೂ ಹೋಗಿ.

ಆಮೇಲೆ ಸ್ಟಿಕ್ಕುಗಳನ್ನು ಎಲ್ಲ ಮೂಲೆಗಳಿಗೂ ತಳ್ಳಿ ನೋಡಿ. ಪಿಚ್ ಪೂರ್ತಿ ಮೇಲೆ, ಜೊತೆಗೆ ಸೈಕ್ಲಿಕ್ (ಹೆಲಿಕಾಪ್ಟರನ್ನು ವಾಲಿಸುವ ಸ್ಟಿಕ್) ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ. ಪೂರ್ತಿ ಕೆಳಗೂ ಹಾಗೇ. ಎಲ್ಲಿಯಾದರೂ ಸರ್ವೋ ಗುಂಯ್ ಅಂತ ಮುಲುಗಿದರೆ ಏನೋ ತಾಗುತ್ತಿದೆ, ಮಿತಿ ಕಡಿಮೆ ಮಾಡಿ. ಕೋಣೆ ನಿಶ್ಶಬ್ದವಾಗಿದ್ದಾಗ ಮಾಡಿ, ಕಿವಿಯೇ ಇಲ್ಲಿ ಗೇಜ್.

ಪಿಚ್ ಕರ್ವ್

10 ಡಿಗ್ರಿ ಇಟ್ಟುಕೊಂಡರೆ ಲೆಕ್ಕ ಬಾಯಲ್ಲೇ ಬರುತ್ತದೆ. ಕರ್ವ್‌ನಲ್ಲಿ 50 ಅಂದರೆ 0 ಡಿಗ್ರಿ. ಅಲ್ಲಿಂದ ಪ್ರತಿ 5 ಅಂಕಕ್ಕೆ 1 ಡಿಗ್ರಿ. 75 ಅಂದರೆ +5. 35 ಅಂದರೆ −3.

ಕಲಿಯುವವರಿಗೆ ವಾಡಿಕೆಯಾಗಿ ಹೇಳಿಕೊಡುವ ನಾರ್ಮಲ್ ಮೋಡ್ ಕರ್ವ್ ಹೀಗಿರುತ್ತದೆ: 35, 52, 70, 82, 95. ಅಂದರೆ ಕೆಳಗೆ −3, ನಡುವಿನಲ್ಲಿ +4, ಮೇಲೆ +9. ಸ್ಟಿಕ್ ನಡುವಿಗಿಂತ ತುಸು ಮೇಲೆ ಇದ್ದಾಗ ಹೂವರ್ ಆಗುತ್ತದೆ. ಕೈಗೆ ಹಿತವಾಗಿರುತ್ತದೆ, ಸುಳ್ಳು ಹೇಳುವುದಿಲ್ಲ. ನಾನೂ ಹೀಗೇ ಕಲಿತೆ. ಆಮೇಲೆ ಐಡಲ್ ಅಪ್‌ಗೆ, ಅಂದರೆ ಸ್ಟಿಕ್ ಪೂರ್ತಿ ಕೆಳಗಿದ್ದರೂ ಮೋಟರ್ ನಿಲ್ಲದ ಮೋಡ್‌ಗೆ, ಹೋಗುವ ದಿನ ಬಂತು. ಅಲ್ಲಿ ನಡು ಅಂದರೆ ಸೊನ್ನೆ. ಸ್ವಿಚ್ ಹಾಕಿದ ತಕ್ಷಣ ಹೆಲಿಕಾಪ್ಟರ್ ಮೂರು ನಾಲ್ಕು ಅಡಿ ಧೊಪ್ಪನೆ ಕುಸಿಯಿತು, ಯಾಕೆಂದರೆ ನನ್ನ ಬೆರಳು ಹಳೆಯ ಜಾಗದಲ್ಲೇ ಇತ್ತು. ಆ ಬೆರಳಿಗೆ ಮತ್ತೆ ಹೊಸದಾಗಿ ಕಲಿಸಲು ತಿಂಗಳುಗಳೇ ಹಿಡಿದವು.

ಅದಕ್ಕೆ ಈಗ ನಾನು ಯಾರಿಗೇ ಹೊಂದಿಸಿಕೊಟ್ಟರೂ ಎಲ್ಲ ಮೋಡ್‌ಗಳಲ್ಲೂ ನಡುವನ್ನು ಸೊನ್ನೆಗೇ ಇಡುತ್ತೇನೆ. ನಾರ್ಮಲ್: 35, 42, 50, 75, 100. ಐಡಲ್ ಅಪ್: 0, 25, 50, 75, 100. ಮೇಲಿನ ಅರ್ಧ ಎರಡರಲ್ಲೂ ಒಂದೇ. ಹೂವರ್ ಮುಕ್ಕಾಲು ಸ್ಟಿಕ್ಕಿನಲ್ಲಿ ಆಗುತ್ತದೆ, ಮೊದಲ ಎರಡು ದಿನ ಕೈ ತುಂಬ ಮೇಲಿದೆ ಅನಿಸುತ್ತದೆ. ಕೆಳಗಿನ ಅರ್ಧದಲ್ಲಿ ಮಾತ್ರ ನಾರ್ಮಲ್ ಮೋಡ್ −3ಕ್ಕೇ ನಿಲ್ಲುತ್ತದೆ. ಗಾಬರಿಯಲ್ಲಿ ಎಳೆದರೂ ನೆಲಕ್ಕೆ ಗುದ್ದುವುದಿಲ್ಲ, ಗಾಳಿ ಇದ್ದ ದಿನ ಇಳಿಸಲೂ ಸಾಕಾಗುತ್ತದೆ. ಕೆಳಗೆ ಸೊನ್ನೆ ಇಟ್ಟರೆ ಗಾಳಿಯಲ್ಲಿ ಹೆಲಿಕಾಪ್ಟರ್ ಕೆಳಗೆ ಬರಲು ಒಪ್ಪುವುದೇ ಇಲ್ಲ.

ಈಗ ಥ್ರಾಟಲ್

ಮೊದಲು ಸ್ಪೀಡ್ ಕಂಟ್ರೋಲರಿಗೆ ನಿಮ್ಮ ಸ್ಟಿಕ್ಕಿನ ಎರಡು ತುದಿಗಳನ್ನು ಪರಿಚಯ ಮಾಡಿಸಬೇಕು. ಇದಕ್ಕೆ ಮೋಟರ್ ವೈರುಗಳನ್ನು ಮತ್ತೆ ಹಾಕಲೇಬೇಕು. ಕಂಟ್ರೋಲರಿಗೆ ಸ್ವಂತ ಬಾಯಿ ಇಲ್ಲ, ಬೀಪ್ ಸದ್ದು ಬರುವುದು ಮೋಟರಿನ ಸುರುಳಿಯಿಂದ. ಹಾಗಾಗಿ ಮೇನ್ ಬ್ಲೇಡ್, ಟೈಲ್ ಬ್ಲೇಡ್ ಎರಡನ್ನೂ ಬಿಚ್ಚಿಡಿ. ಮೋಟರ್ ತಿರುಪು ಸಡಿಲಿಸಿ, ಪಿನಿಯನ್ (ಮೋಟರಿನ ಪುಟ್ಟ ಗೇರ್) ಮೇನ್ ಗೇರಿಗೆ ತಾಗದ ಹಾಗೆ ಹಿಂದೆ ಸರಿಸಿ. ಥ್ರಾಟಲ್ ಹೋಲ್ಡ್ (ಮೋಟರ್ ನಿಲ್ಲಿಸುವ ಸ್ವಿಚ್, ಮುಂದೆ ಹೇಳುತ್ತೇನೆ) ಆಫ್ ಇರಲಿ. ಕರ್ವ್ ನೇರ ಗೆರೆ ಇರಲಿ. ಸ್ಟಿಕ್ ಪೂರ್ತಿ ಮೇಲಿಟ್ಟು ಬ್ಯಾಟರಿ ಹಾಕಿ, ಬೀಪ್ ಬಂದ ಮೇಲೆ ಪೂರ್ತಿ ಕೆಳಗೆ ತನ್ನಿ, ಮತ್ತೆ ಬೀಪ್ ಬರುತ್ತದೆ. ಬಹುಪಾಲು ಕಂಟ್ರೋಲರುಗಳ ಕ್ರಮ ಇದೇ, ನಿಮ್ಮದರ ಕೈಪಿಡಿಯಲ್ಲಿ ಒಮ್ಮೆ ನೋಡಿಕೊಳ್ಳಿ. ಏನು ಮಾಡಿದರೂ ಕಂಟ್ರೋಲರ್ ಎಚ್ಚರಗೊಳ್ಳದಿದ್ದರೆ ಥ್ರಾಟಲ್ ಚಾನೆಲ್ ರಿವರ್ಸ್ ಮಾಡಿ ನೋಡಿ. ಕೆಲವು ಟ್ರಾನ್ಸ್‌ಮಿಟರುಗಳಲ್ಲಿ ಥ್ರಾಟಲ್ ಉಲ್ಟಾ ದಿಕ್ಕಿನದು.

ಪಿನಿಯನ್ ಸರಿಸಿರುವಾಗಲೇ ಇನ್ನೊಂದು ಪರೀಕ್ಷೆ ಮುಗಿಸಿ. ಮೋಟರನ್ನು ಮೆಲ್ಲಗೆ ತಿರುಗಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟರ್ ನಿಲ್ಲಬೇಕು. ನಿಲ್ಲದಿದ್ದರೆ ಫೇಲ್‌ಸೇಫ್ ಸೆಟ್ ಆಗಿಲ್ಲ, ಅದು ಸರಿಯಾಗುವವರೆಗೆ ಬ್ಲೇಡ್ ಕೈಗೆ ತೆಗೆದುಕೊಳ್ಳಬೇಡಿ.

ಈಗ ಹೆಡ್ ಸ್ಪೀಡ್, ಅಂದರೆ ಮೇನ್ ಬ್ಲೇಡುಗಳು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತವೆ ಅನ್ನುವ ಲೆಕ್ಕ. ಮೋಟರಿನ ಕೆವಿಯನ್ನು ವೋಲ್ಟಿನಿಂದ ಗುಣಿಸಿ, ಗೇರ್ ಅನುಪಾತದಿಂದ ಭಾಗಿಸಿ. ನನ್ನದು 3500 ಕೆವಿ, 11.1 ವೋಲ್ಟ್: 38,850. ಮೇನ್ ಗೇರಿಗೆ 150 ಹಲ್ಲು, ಪಿನಿಯನ್ನಿಗೆ 13, ಅನುಪಾತ 11.54. ಭಾಗಿಸಿದರೆ ಸುಮಾರು 3,370. ಹೊರೆ ಬಿದ್ದಾಗ ಇದರ 85 ಶೇಕಡಾ ಸಿಕ್ಕರೆ ಪುಣ್ಯ, ಅಂದರೆ ಪೂರ್ತಿ ಥ್ರಾಟಲಿನಲ್ಲಿ 2,860 ಆಸುಪಾಸು. 80 ಶೇಕಡಾಗೆ ಇಟ್ಟರೆ 2,300ರ ಹತ್ತಿರ. ನನ್ನ ಟ್ಯಾಕೋಮೀಟರ್ ತೋರಿಸಿದ್ದೂ ಅಷ್ಟೇ. ಕಲಿಯಲು 450 ಸೈಜಿಗೆ ಇದು ಒಳ್ಳೆಯ ವೇಗ.

ವೇಗವನ್ನು ತಾನೇ ಕಾಯ್ದುಕೊಳ್ಳುವ ಗವರ್ನರ್ ಇಲ್ಲದಿದ್ದರೆ ಕರ್ವ್ ನೀವೇ ಬರೆಯಬೇಕು. ಐಡಲ್ ಅಪ್‌ನಲ್ಲಿ ನನ್ನದು 88, 82, 80, 82, 88. ಹೊಸಬರಿಗೆ ಇದು ವಿಚಿತ್ರ ಕಾಣುತ್ತದೆ. ಸ್ಟಿಕ್ ಕೆಳಗೆ ಎಳೆದರೆ ಥ್ರಾಟಲ್ ಯಾಕೆ ಏರಬೇಕು? ಯಾಕೆಂದರೆ ಅಲ್ಲಿ ಪಿಚ್ −10. ಬ್ಲೇಡ್ ಗಾಳಿಯನ್ನು ಮೇಲೆ ತಳ್ಳಲಿ, ಕೆಳಗೆ ತಳ್ಳಲಿ, ಮೋಟರಿಗೆ ಹೊರೆ ಹೊರೆಯೇ. ಹೊರೆ ಕಡಿಮೆ ಇರುವುದು ನಡುವಿನಲ್ಲಿ, ಸೊನ್ನೆಯಲ್ಲಿ. ಅದಕ್ಕೇ ಗೆರೆ ಬಟ್ಟಲಿನ ಹಾಗೆ ಬಗ್ಗಿರುತ್ತದೆ.

ನಾರ್ಮಲ್ ಮೋಡ್: 0, 60, 80, 82, 88. ಪೂರ್ತಿ ಕೆಳಗೆ ಮಾತ್ರ ಮೋಟರ್ ನಿಲ್ಲುತ್ತದೆ, ಕಾಲು ಸ್ಟಿಕ್ಕಿಗೆ ಬರುವಷ್ಟರಲ್ಲಿ ವೇಗ ಹಿಡಿದಿರುತ್ತದೆ. ಬಲಗಡೆಯ ಮೂರು ಅಂಕಿಗಳು ಐಡಲ್ ಅಪ್‌ನವೇ ಅನ್ನುವುದನ್ನು ಗಮನಿಸಿ. ಪಿಚ್ಚೂ ಅಲ್ಲಿ ಒಂದೇ ಇತ್ತು. ಹಾಗಾಗಿ ಹೂವರ್‌ನಲ್ಲಿ ಸ್ವಿಚ್ ಹಾಕಿದರೆ ಏನೂ ಆಗಬಾರದು. ಬಾಲ ಸ್ವಲ್ಪ ಅಲುಗಿದರೂ ಎಲ್ಲೋ ಅಂಕಿ ತಪ್ಪಿದೆ. ಒಂದು ಎಚ್ಚರಿಕೆ: ನೆಲದ ಮೇಲೆ, ಸ್ಟಿಕ್ ಪೂರ್ತಿ ಕೆಳಗಿರುವಾಗ ಐಡಲ್ ಅಪ್ ಸ್ವಿಚ್ ಹಾಕಿದರೆ ಥ್ರಾಟಲ್ 0ಯಿಂದ 88ಕ್ಕೆ ಹಾರುತ್ತದೆ, ಪಿಚ್ −10ಕ್ಕೆ. ಹೆಲಿಕಾಪ್ಟರ್ ನೆಲವನ್ನೇ ಅಗೆಯಲು ಹೊರಡುತ್ತದೆ. ಹೆಚ್ಚಿನ ಟ್ರಾನ್ಸ್‌ಮಿಟರುಗಳು ಆ ಸ್ವಿಚ್ ಹಾಕಿಟ್ಟು ಆನ್ ಮಾಡಿದರೆ ಕಿರುಚಿ ಎಚ್ಚರಿಸುತ್ತವೆ, ಆ ಎಚ್ಚರಿಕೆಯನ್ನು ಮೆನುವಿನಲ್ಲಿ ಆಫ್ ಮಾಡಬೇಡಿ.

ಕಂಟ್ರೋಲರಿನಲ್ಲಿ ಗವರ್ನರ್ ಇದ್ದರೆ ಈ ಬಟ್ಟಲು ಬೇಕಿಲ್ಲ. ಐದೂ ಬಿಂದು ಒಂದೇ ಅಂಕಿ: 75, 75, 75, 75, 75. ವೇಗ ಕುಸಿದರೆ ಗವರ್ನರೇ ಏರಿಸಿಕೊಳ್ಳುತ್ತದೆ. ಗವರ್ನರ್ ಹಾಕಿ ಬಟ್ಟಲಿನ ಕರ್ವೂ ಕೊಟ್ಟರೆ ಎರಡೂ ಜಗಳಕ್ಕೆ ಬೀಳುತ್ತವೆ, ಬಾಲ ಕುಣಿಯುತ್ತದೆ. 100 ಕೂಡ ಇಡಬೇಡಿ. ಹೊರೆ ಬಿದ್ದಾಗ ಏರಿಸಲು ಗವರ್ನರಿಗೆ ಮೇಲೆ ಜಾಗ ಇರಬೇಕಲ್ಲ.

ಹೆದರಿಕೆಯಿಂದ ತೀರ ಕಡಿಮೆ ಇಡುವವರೂ ಇದ್ದಾರೆ. 50ರಲ್ಲಿ ಗಂಟೆಗಟ್ಟಲೆ ಹೂವರ್ ಮಾಡಿ ಕಂಟ್ರೋಲರ್ ಸುಟ್ಟುಕೊಳ್ಳುತ್ತಾರೆ. ಅರ್ಧ ಥ್ರಾಟಲ್ ಅಂದರೆ ಕಂಟ್ರೋಲರಿಗೆ ಅರ್ಧ ಕೆಲಸ ಅಲ್ಲ. ಅದು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ತುಂಡು ತುಂಡು ಮಾಡಿ ಕೊಡುತ್ತಿರುತ್ತದೆ, ಆ ತುಂಡರಿಸುವುದರಲ್ಲೇ ಬಿಸಿಯಾಗುತ್ತದೆ. ವೇಗ ಕಡಿಮೆ ಬೇಕಿದ್ದರೆ ಪಿನಿಯನ್ ಚಿಕ್ಕದು ಹಾಕಿ. 13ರ ಬದಲು 11 ಹಲ್ಲು. ಆಗ ಥ್ರಾಟಲ್ ಮೇಲೇ ಇರುತ್ತದೆ, ಹೆಡ್ ಸ್ಪೀಡ್ ಇಳಿಯುತ್ತದೆ.

ನೈಟ್ರೋ ಎಂಜಿನ್‌ನವರಿಗೂ ಬಟ್ಟಲಿನ ತತ್ವ ಇದೇ. ಆದರೆ ಎಂಜಿನ್ ನಿಲ್ಲಬಾರದು, ಹಾಗಾಗಿ ಅವರ ಕೆಳಗಿನ ಅಂಕಿ ಸೊನ್ನೆ ಅಲ್ಲ. ಜೊತೆಗೆ ಇಂಧನ ಮಿಶ್ರಣ ಸರಿಯಾಗದೆ ಯಾವ ಕರ್ವೂ ನಿಲ್ಲುವುದಿಲ್ಲ. ಅದು ಬೇರೆಯೇ ವಿದ್ಯೆ.

ಥ್ರಾಟಲ್ ಹೋಲ್ಡ್

ಈ ಸ್ವಿಚ್ ಹಾಕಿದರೆ ಥ್ರಾಟಲ್ 0, ಸ್ಟಿಕ್ ಎಲ್ಲಿದ್ದರೂ ಸರಿ. ಪಿಚ್ ಮಾತ್ರ ಎಂದಿನಂತೆ ಓಡಾಡುತ್ತದೆ. ಹೋಲ್ಡ್‌ನ ಪಿಚ್ ಕರ್ವ್‌ಗೂ 0, 25, 50, 75, 100 ಇಡಿ. ಮೋಟರ್ ಕೈ ಕೊಟ್ಟಾಗ ಪಿಚ್ಚನ್ನು ಸ್ವಲ್ಪ ಋಣಕ್ಕೆ ಇಳಿಸಿದರೆ ಕೆಳಗಿನಿಂದ ಬರುವ ಗಾಳಿಯೇ ಬ್ಲೇಡನ್ನು ತಿರುಗಿಸುತ್ತದೆ. ನೆಲ ಹತ್ತಿರ ಬಂದಾಗ ಪಿಚ್ ಮೇಲೆತ್ತಿ ಆ ವೇಗವನ್ನು ಖರ್ಚು ಮಾಡಿ ಕೂರಿಸಬಹುದು. ಮೊದಲ ದಿನ ನಾನು ಸ್ಟಿಕ್ ಮೇಲೆ ತಳ್ಳಿ ಆ ವೇಗವನ್ನು ಹದಿನೈದು ಅಡಿ ಎತ್ತರದಲ್ಲೇ ಖರ್ಚು ಮಾಡಿದ್ದೆ.

ಸ್ವಿಚ್ ಯಾವುದು ಅನ್ನುವುದೂ ಮುಖ್ಯ. ಸ್ಟಿಕ್ಕಿನಿಂದ ಬೆರಳು ತೆಗೆಯದೆ ಎಟುಕಬೇಕು. ಕಣ್ಣು ಮುಚ್ಚಿ ಹತ್ತು ಸಲ ಹಾಕಿ ತೆಗೆದು ನೋಡಿ. ಹೆಲಿಕಾಪ್ಟರ್ ಬೀಳುವುದು ಖಚಿತ ಅನಿಸಿದರೆ ಮೊದಲು ಹೋಲ್ಡ್. ಮೋಟರ್ ನಿಂತಿದ್ದರೆ ಗೇರಿನ ಹಲ್ಲು, ಮೇನ್ ಶಾಫ್ಟ್ ಉಳಿಯುವ ಸಾಧ್ಯತೆ ಜಾಸ್ತಿ. ಹೋಲ್ಡ್ ತೆಗೆಯುವಾಗ ಮಾತ್ರ ಸ್ಟಿಕ್ ಎಲ್ಲಿದೆ ಅಂತ ನೋಡಿಯೇ ತೆಗೆಯಬೇಕು.

ಮೊದಲ ಸಲ ತಿರುಗಿಸುವುದು

ಪಿನಿಯನ್ ವಾಪಸ್ ಕೂರಿಸಿ. ಗೇರ್ ಹಲ್ಲುಗಳ ನಡುವೆ ತೆಳು ಕಾಗದ ಇಟ್ಟು ಬಿಗಿ ಮಾಡಿ, ಕಾಗದ ಎಳೆದರೆ ಉಳಿಯುವ ಸಂದು ಸಾಕು. ಬ್ಲೇಡ್ ಹಾಕಿ. ಒಂದು ಬ್ಲೇಡಿನ ತುದಿಗೆ ಹಳದಿ ಟೇಪ್, ಇನ್ನೊಂದಕ್ಕೆ ಅಷ್ಟೇ ಉದ್ದದ ಕಪ್ಪು ಟೇಪ್. ಒಂದೇ ಕಡೆ ಹಾಕಿದರೆ ತೂಕ ತಪ್ಪುತ್ತದೆ.

ಬಯಲಿನಲ್ಲಿ ಹೆಲಿಕಾಪ್ಟರ್ ಇಟ್ಟು ಕನಿಷ್ಠ ಹತ್ತು ಮೀಟರ್ ಹಿಂದೆ ಬನ್ನಿ. ಹೋಲ್ಡ್ ಹಾಕಿಯೇ ಬ್ಯಾಟರಿ ಜೋಡಿಸಿರಬೇಕು. ಸ್ಟಿಕ್ ಪೂರ್ತಿ ಕೆಳಗೆ, ನಾರ್ಮಲ್ ಮೋಡ್, ಹೋಲ್ಡ್ ತೆಗೆಯಿರಿ, ಮೆಲ್ಲಗೆ ಏರಿಸಿ. ಮೇಲೇಳುವ ಮುಂಚೆಯೇ ನಡುಗಿದರೆ ನಿಲ್ಲಿಸಿ, ಬ್ಲೇಡ್ ತಿರುಪು ನೋಡಿ. ಸರಿ ಇದ್ದರೆ ಎದೆಯೆತ್ತರಕ್ಕೆ ಹೂವರ್ ಮಾಡಿ, ದೂರದಿಂದಲೇ ಬ್ಲೇಡ್ ತಟ್ಟೆಯ ಅಂಚು ನೋಡಿ. ಒಂದೇ ಗೆರೆ ಕಂಡರೆ ಸರಿ. ಹಳದಿ ಮೇಲೆ, ಕಪ್ಪು ಕೆಳಗೆ ಅಂತ ಎರಡು ಗೆರೆ ಕಂಡರೆ ಇಳಿಸಿ, ಹಳದಿಯ ಗ್ರಿಪ್ ಲಿಂಕನ್ನು ಪಿಚ್ ಕಡಿಮೆಯಾಗುವ ಕಡೆಗೆ ಒಂದು ಸುತ್ತು ತಿರುಗಿಸಿ.

ಎರಡು ನಿಮಿಷಕ್ಕೆ ಇಳಿಸಿಬಿಡಿ. ಬ್ಯಾಟರಿ ಕಳಚಿ, ಮೋಟರ್ ಮತ್ತು ಕಂಟ್ರೋಲರ್ ಮುಟ್ಟಿ ನೋಡಿ. ಬೆರಳು ಇಟ್ಟುಕೊಳ್ಳಲಾಗದಷ್ಟು ಬಿಸಿ ಇದ್ದರೆ ಮುಂದಿನ ಬ್ಯಾಟರಿ ಹಾಕಬೇಡಿ, ಕಾರಣ ಹುಡುಕಿ.

ಆಮೇಲಿನ ತಿದ್ದುಪಡಿಯೆಲ್ಲ ಕಿವಿಯಿಂದ. ಮುಕ್ಕಾಲು ಸ್ಟಿಕ್ಕಿನಿಂದ ಪೂರ್ತಿಗೆ ತಳ್ಳಿದಾಗ ಬ್ಲೇಡಿನ ಸದ್ದು ದಪ್ಪವಾಗಿ ಕುಸಿದರೆ ಮೋಟರ್ ಏದುಸಿರು ಬಿಡುತ್ತಿದೆ. ಎಲ್ಲರೂ ಥ್ರಾಟಲ್ ಏರಿಸುತ್ತಾರೆ. ನಾನು ಮೊದಲು ಪಿಚ್ಚನ್ನು 10ರಿಂದ 9ಕ್ಕೆ ಇಳಿಸುತ್ತೇನೆ. ಮೋಟರಿಗೆ ಎಳೆಯಲಾಗದ ಆ ಒಂದು ಡಿಗ್ರಿಯಿಂದ ಹೆಲಿಕಾಪ್ಟರ್ ಬೇಗ ಏರುವುದಿಲ್ಲ, ಇನ್ನೂ ನಿಧಾನವಾಗುತ್ತದೆ. ಸದ್ದು ತೆಳ್ಳಗೆ ಏರಿದರೆ ಆ ಬಿಂದುವಿನಲ್ಲಿ ಥ್ರಾಟಲ್ ಜಾಸ್ತಿ, ಎರಡು ಅಂಕ ಇಳಿಸಿ. ಬಾಲ ಒಂದು ಕಡೆಗೆ ಒದ್ದರೆ ಅದೂ ಹೆಚ್ಚಾಗಿ ಹೆಡ್ ಸ್ಪೀಡ್ ಏರಿಳಿತವೇ, ತಕ್ಷಣ ಬಾಲ ಕಾಯುವ ಜೈರೋ ತಿದ್ದಲು ಹೋಗಬೇಡಿ.

ಒಂದು ಹಾರಾಟಕ್ಕೆ ಒಂದೇ ಅಂಕಿ ಬದಲಿಸಿ, ಬರೆದಿಡಿ. ನನ್ನ ನೋಟ್‌ಬುಕ್ಕಿನಲ್ಲಿ ಒಂದು ಪುಟಕ್ಕೆ ಒಂದು ಹೆಲಿಕಾಪ್ಟರ್. ಎಡಗಡೆ ಪಿಚ್ಚಿನ ಐದು ಅಂಕಿ, ಬಲಗಡೆ ಥ್ರಾಟಲಿನ ಐದು, ಕೆಳಗೆ ಎರಡೂ ಬ್ಲೇಡಿನ ಗೇಜ್ ಓದು ಮಗಳ ಕೈಬರಹದಲ್ಲಿ. ಹೆಲಿಕಾಪ್ಟರ್ ಬಿದ್ದು ರಿಪೇರಿಯಾದಾಗಲೆಲ್ಲ ಬ್ಲೇಡ್ ಮಡಚಿ ಬೂಮಿನ ಮೇಲೆ ತುದಿ ಸೇರಿಸುವಲ್ಲಿಂದ ಮತ್ತೆ ಶುರು ಮಾಡುತ್ತೇವೆ. ಅಂಕಿಗಳು ಪುಟದಲ್ಲಿ ಹಾಗೇ ಇರುತ್ತವೆ. ಸರ್ವೋದ ಹಲ್ಲು ಒಂದು ಜಾರಿದ್ದರೆ ಅದು ಮೇಜಿನ ಮೇಲೆ ಮಾತ್ರ ಕಾಣುತ್ತದೆ.